ಜಾದೂ ಮಾಡಿದ್ದು ಪೆಟ್ಟಿಗೆಯೊಳಗಿದ್ದವಳು

ಹೆಣ್ಣುಮಗಳೊಬ್ಬಳನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಗರಗಸದಿಂದ ಎರಡು ಹೋಳು ಮಾಡಿ, ಮತ್ತೆ ಜೋಡಿಸಿ ಎಬ್ಬಿಸುವ ಆಟವನ್ನು ನೋಡದವರು ಕಡಿಮೆ. ವೇದಿಕೆಯ ಮೇಲೆ ನೋಡಿರದಿದ್ದರೆ ಟಿ.ವಿ.ಯಲ್ಲಾದರೂ ನೋಡಿರುತ್ತೀರಿ. ಆ ಆಟದಲ್ಲಿ ಗರಗಸ ಹಿಡಿದವರ ಕೆಲಸ ಬಹಳ ಸಣ್ಣದು. ಅವರು ಮಾತಾಡುತ್ತಾರೆ, ಪೆಟ್ಟಿಗೆ ತಿರುಗಿಸಿ ತೋರಿಸುತ್ತಾರೆ, ಗರಗಸ ಎಳೆಯುತ್ತಾರೆ, ಕೊನೆಗೆ ಕೈ ಎತ್ತಿ ಚಪ್ಪಾಳೆ ಪಡೆಯುತ್ತಾರೆ. ಜಾದೂ ಮಾಡುವವಳು ಪೆಟ್ಟಿಗೆಯೊಳಗೆ ಇರುತ್ತಾಳೆ.

ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ಹುಬ್ಬಳ್ಳಿಯ ನನ್ನ ಸೋದರಮಾವ ಕಟ್ಟಿದ್ದ ಜಾದೂ ತಂಡದಲ್ಲಿ ಹದಿಹರೆಯದಿಂದಲೇ ಆ ಪೆಟ್ಟಿಗೆಯಲ್ಲಿ ಮಲಗಿದವಳು ನಾನು. ಮಾವ ಹೋದ ಮೇಲೆ ತಂಡ ನನ್ನ ಕೈಗೆ ಬಂತು. ಶಾಲೆ, ಜಾತ್ರೆ, ಗಣೇಶೋತ್ಸವದ ಪೆಂಡಾಲುಗಳಲ್ಲಿ ಈಗ ನಾನೇ ಗರಗಸ ಹಿಡಿಯುತ್ತೇನೆ. ಎರಡೂ ಕಡೆಯ ಕೆಲಸ ಮಾಡಿದ್ದರಿಂದ ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ. ಈ ಆಟವನ್ನು ನೂರು ವರ್ಷಗಳಿಂದ ಕಾಪಾಡಿಕೊಂಡು ಬಂದಿರುವುದು ಕನ್ನಡಿಯೂ ಅಲ್ಲ, ಕಳ್ಳಬಾಗಿಲೂ ಅಲ್ಲ. ಪೆಟ್ಟಿಗೆಯಲ್ಲಿ ಮಲಗಿದ ಹೆಂಗಸು ಏನೂ ಮಾಡುತ್ತಿಲ್ಲ ಎಂದು ನೋಡುವವರು ಮೊದಲೇ ನಂಬಿಕೊಂಡು ಬಂದಿರುತ್ತಾರೆ. ಆ ನಂಬಿಕೆಯೇ ಜಾದೂಗಾರರ ಅತಿ ದೊಡ್ಡ ಸಲಕರಣೆ. ಅದನ್ನು ಬಳಸಿಕೊಂಡು ಬದುಕಿದ ನಮ್ಮ ಕಲೆ, ಆಕೆಗೆ ಸಲ್ಲಬೇಕಾದದ್ದನ್ನು ಇನ್ನಾದರೂ ಸಲ್ಲಿಸಬೇಕು.

ಗುಟ್ಟು ಬಿಟ್ಟುಕೊಡುತ್ತಿದ್ದೀರಿ ಎಂದು ನನ್ನ ವೃತ್ತಿಬಾಂಧವರು ಸಿಟ್ಟಾಗಬೇಕಿಲ್ಲ. ಈ ಆಟದ ಗುಟ್ಟು ಬಹಳ ಹಿಂದೆಯೇ ಸರ್ಕಾರಿ ಕಡತ ಸೇರಿದೆ. ಹೊರೇಸ್ ಗೋಲ್ಡಿನ್ ಎಂಬ ಜಾದೂಗಾರ ತನ್ನ ಪೆಟ್ಟಿಗೆಯನ್ನು ಬೇರೆಯವರು ನಕಲು ಮಾಡಬಾರದೆಂದು 1923ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಪೇಟೆಂಟ್ ಬೇಕೆಂದರೆ ಚಿತ್ರ ಸಮೇತ ಎಲ್ಲವನ್ನೂ ಬರೆದು ಕೊಡಬೇಕು, ಅದನ್ನು ಯಾರು ಬೇಕಾದರೂ ಓದಬಹುದು. 1933ರಲ್ಲಿ ಸಿಗರೇಟ್ ಕಂಪನಿಯೊಂದು ತನ್ನ ಜಾಹೀರಾತಿನಲ್ಲಿ ಆ ಆಟದ ಗುಟ್ಟನ್ನು ಅಚ್ಚು ಹಾಕಿಸಿತು. ಗೋಲ್ಡಿನ್ ನ್ಯಾಯಾಲಯಕ್ಕೆ ಹೋದ. 1938ರಲ್ಲಿ ಸೋತ. ತಾನೇ ಲೋಕಕ್ಕೆ ತೆರೆದಿಟ್ಟದ್ದನ್ನು ಗುಟ್ಟು ಎಂದು ಹೇಳಿಕೊಳ್ಳಲು ಅವನಿಗೆ ದಾರಿ ಉಳಿದಿರಲಿಲ್ಲ. ಇಷ್ಟಾದರೂ ಆಟ ಸಾಯಲಿಲ್ಲ. ಇವತ್ತಿಗೂ ಪೆಟ್ಟಿಗೆ ಎರಡಾದಾಗ ಜನ ಉಸಿರು ಬಿಗಿಹಿಡಿಯುತ್ತಾರೆ.

ಈ ಆಟಕ್ಕೆ ಹತ್ತಾರು ವಿಧಾನಗಳಿವೆ. ಒಂದರಲ್ಲಿ ನೀವು ನೋಡುವ ತಲೆ ಒಬ್ಬಳದು, ಪಾದ ಇನ್ನೊಬ್ಬಳದು. ಆ ಇನ್ನೊಬ್ಬಳು ಮೊದಲಿನಿಂದಲೂ ಪೆಟ್ಟಿಗೆಯ ಕೆಳಗಿನ ಮೇಜಿನೊಳಗೆ ಅಡಗಿರುತ್ತಾಳೆ. ಮೇಜು ಅಷ್ಟು ದಪ್ಪ ಇದೆಯೆಂದು ನಿಮಗೆ ಅನ್ನಿಸುವುದಿಲ್ಲ. ಅದರ ಅಂಚನ್ನು ಓರೆಯಾಗಿ ಕತ್ತರಿಸಿ, ಜನರ ಕಡೆಗಿರುವ ಸಣ್ಣ ಪಟ್ಟಿಗೆ ಮಾತ್ರ ಹೊಳೆಯುವ ಬಣ್ಣ ಹಚ್ಚಿ, ಉಳಿದದ್ದಕ್ಕೆ ಹೊಳಪಿಲ್ಲದ ಕಪ್ಪು ಬಳಿದಿರುತ್ತಾರೆ. ಕಣ್ಣು ಹೊಳೆಯುವ ಪಟ್ಟಿಯನ್ನಷ್ಟೇ ಮೇಜು ಎಂದು ಅಳೆಯುತ್ತದೆ. ಇನ್ನೊಂದು ವಿಧಾನದಲ್ಲಿ ಒಬ್ಬಳೇ ಇರುತ್ತಾಳೆ. ಮೊಣಕಾಲನ್ನು ಎದೆಗೆ ಒತ್ತಿ, ಬೆನ್ನು ಬಾಗಿಸಿ, ಇಡೀ ಮೈಯನ್ನು ಪೆಟ್ಟಿಗೆಯ ಒಂದೇ ಅರ್ಧದಲ್ಲಿ ಹೊಂದಿಸಿಕೊಳ್ಳುತ್ತಾಳೆ. ನಮ್ಮ ತಂಡದ್ದು ಈ ಎರಡನೆಯ ಬಗೆ.

ಹೇಳುವಾಗ ಒಂದೇ ವಾಕ್ಯ. ಮಾಡುವಾಗ ಏನೇನಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪೆಟ್ಟಿಗೆ ಮಾಡುವ ಮೊದಲು ಬಡಿಗೇರ ಕಾಕಾ ನನ್ನ ಅಳತೆ ತೆಗೆದುಕೊಂಡರು. ಭುಜದ ಅಗಲ, ಕೂತಾಗ ನೆತ್ತಿಯಿಂದ ನಡುವಿನವರೆಗಿನ ಎತ್ತರ, ಮಡಚಿದ ಮೊಣಕಾಲಿನಿಂದ ಬೆನ್ನಿನವರೆಗಿನ ದಪ್ಪ. ಆ ಅಳತೆಗಿಂತ ಒಂದು ಇಂಚು ಹೆಚ್ಚಾದರೂ ಪೆಟ್ಟಿಗೆ ಜನರ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಒಂದು ಇಂಚು ಕಡಿಮೆಯಾದರೆ ನಾನು ಹಿಡಿಸುವುದಿಲ್ಲ. ಅಂದರೆ ಆ ಪೆಟ್ಟಿಗೆ ನನ್ನ ಮೈಗೆ ಹೊಲಿಸಿದ್ದು, ಇನ್ನೊಬ್ಬರಿಗೆ ಒದಗುವುದಿಲ್ಲ. ಮೈ ಸ್ವಲ್ಪ ಬಂದರೆ ಆಟ ನಿಲ್ಲುತ್ತದೆ. ಹಾಗಾಗಿ ಸೀಸನ್ ಮುಗಿಯುವವರೆಗೆ ಊಟದಲ್ಲಿ ಹಿಡಿತ, ದಿನವೂ ಬೆಳಗ್ಗೆ ಮೈ ಬಾಗಿಸುವ ವ್ಯಾಯಾಮ. ತಿಂಗಳ ಆ ದಿನಗಳಲ್ಲೂ ಶೋ ಇದ್ದರೆ ಒಳಗೆ ಹೋಗಲೇಬೇಕು.

ಉಡುಗೆಗೂ ಲೆಕ್ಕವಿದೆ. ಬಳೆ ತೊಡುವಂತಿಲ್ಲ, ಕಾಲ್ಗೆಜ್ಜೆ ಹಾಕುವಂತಿಲ್ಲ. ಸಣ್ಣ ಸದ್ದಾದರೂ ಮೈ ಎಲ್ಲಿ ಸರಿಯಿತು ಎಂಬುದು ಗೊತ್ತಾಗಿಬಿಡುತ್ತದೆ. ಮಲ್ಲಿಗೆ ಮುಡಿಯುವಂತಿಲ್ಲ, ಮುಂದಿನ ಸಾಲಿನವರಿಗೆ ಪರಿಮಳವೇ ಜಾಗ ಹೇಳುತ್ತದೆ. ಮೊಣಕಾಲು ಹಲಗೆಗೆ ಅಂಟದಿರಲು ಪೌಡರ್ ಹಚ್ಚಬೇಕು. ಜಾತ್ರೆಯ ತಗಡಿನ ಪೆಂಡಾಲಿನಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ, ಲೈಟುಗಳ ಕೆಳಗೆ, ಮುಚ್ಚಿದ ಪ್ಲೈವುಡ್ ಪೆಟ್ಟಿಗೆಯೊಳಗೆ ಆ ಪೌಡರ್ ಎರಡು ನಿಮಿಷ ನಿಲ್ಲುವುದಿಲ್ಲ.

ಇನ್ನು ಸಮಯ. ಮುಚ್ಚಳ ಹಾಕಿದ ಕ್ಷಣದಿಂದ ನನಗೆ ಸಿಗುವುದು ಕೆಲವೇ ಸೆಕೆಂಡು. ಮಾವನ ಮಾತೇ ನನಗೆ ಗಡಿಯಾರ. ಅವರು ಗರಗಸವನ್ನು ಎತ್ತಿ, "ನೋಡ್ರಿ, ಇದು ಕಟ್ಟಿಗಿ ಕೊಯ್ಯೋ ಗರಗಸ, ಆಟದ ಸಾಮಾನಲ್ಲ" ಎಂದು ಹೇಳಿ ಒಂದು ತುಂಡು ರೀಪು ಕೊಯ್ದು ತೋರಿಸುತ್ತಿದ್ದರು. ಜನರ ಕಣ್ಣೆಲ್ಲ ಆ ಗರಗಸದ ಹಲ್ಲಿನ ಮೇಲೆ. ಅವರ ವಾಕ್ಯ ಮುಗಿಯುವಷ್ಟರಲ್ಲಿ ನನ್ನ ಕೆಲಸ ಮುಗಿದಿರಬೇಕು. ಇಷ್ಟೆಲ್ಲ ಒಳಗೆ ನಡೆಯುವಾಗ ನನ್ನ ಮುಖ ಪೆಟ್ಟಿಗೆಯ ಹೊರಗೆ ಜನರಿಗೆ ಕಾಣುತ್ತಲೇ ಇರುತ್ತದೆ. ಸೊಂಟ ತಿರುಚಿದೆ, ಒಂದು ಕಾಲಿಗೆ ಜೋಮು ಹಿಡಿದಿದೆ, ಆದರೆ ಮುಖ ನಗುತ್ತಿರಬೇಕು. ಕುತ್ತಿಗೆಯ ಕೆಳಗೆ ಓಡುವ ಕೆಲಸ ಕುತ್ತಿಗೆಯ ಮೇಲೆ ಕಾಣಬಾರದು. ಮಾವ ನನಗೆ ಮೊದಲು ಕಲಿಸಿದ ಪಾಠ ಇದು: "ಮಗಳ, ಉಸಿರು ಬಿಗಿಹಿಡೀಬ್ಯಾಡ. ಸಣ್ಣಗ ಬಿಡ್ಕೋತ ಒಳಗ ಸರಿ. ಉಸಿರು ಹಿಡಿದ್ರ ಮಾರಿ ಕೆಂಪಾಕ್ಕೈತಿ, ಮಂದಿಗೆ ಗೊತ್ತಾಕ್ಕೈತಿ."

ಜನ ಗುಟ್ಟನ್ನು ಹುಡುಕಲು ಶುರು ಮಾಡುವುದು ಗರಗಸ ಪೆಟ್ಟಿಗೆಗೆ ತಾಗಿದ ಮೇಲೆ. ಅಷ್ಟು ಹೊತ್ತಿಗೆ ಅಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ. ವೇದಿಕೆಯ ಮೇಲಿನ ದೊಡ್ಡ ಆಟಗಳೆಲ್ಲ ಬಹುಮಟ್ಟಿಗೆ ಹೀಗೆಯೇ. ನೀವು ಗಮನವಿಟ್ಟು ನೋಡಬೇಕೆಂದು ತೀರ್ಮಾನಿಸುವ ಮೊದಲೇ ಅವು ಮುಗಿದಿರುತ್ತವೆ.

ಗಮನವನ್ನು ಹೀಗೆ ಬೇರೆ ಕಡೆಗೆ ತಿರುಗಿಸುವುದನ್ನು ವಿಜ್ಞಾನಿಗಳೂ ಪರೀಕ್ಷಿಸಿ ನೋಡಿದ್ದಾರೆ. ಗುಸ್ತಾವ್ ಕುಹ್ನ್ ಮತ್ತು ಮೈಕೆಲ್ ಲ್ಯಾಂಡ್ ಎಂಬ ಸಂಶೋಧಕರು 2006ರಲ್ಲಿ ಒಂದು ಸರಳ ಆಟವನ್ನು ಜನರಿಗೆ ತೋರಿಸಿದರು. ಜಾದೂಗಾರ ಚೆಂಡನ್ನು ಎರಡು ಸಲ ಮೇಲಕ್ಕೆ ಎಸೆದು ಹಿಡಿಯುತ್ತಾನೆ. ಮೂರನೆಯ ಸಲ ಎಸೆದಂತೆ ಕೈ ಆಡಿಸಿ, ಚೆಂಡನ್ನು ಅಂಗೈಯಲ್ಲೇ ಉಳಿಸಿಕೊಂಡು, ಕಣ್ಣನ್ನು ಮಾತ್ರ ಮೇಲಕ್ಕೆ ಎತ್ತುತ್ತಾನೆ. ನೋಡಿದವರಲ್ಲಿ ಹೆಚ್ಚಿನವರು ಚೆಂಡು ಮೇಲಕ್ಕೆ ಹೋಗಿ ಮಾಯವಾಯಿತು ಎಂದರು. ಅವರ ಕಣ್ಣಿನ ಚಲನೆಯನ್ನು ಯಂತ್ರದಲ್ಲಿ ಅಳೆದಾಗ ಬೇರೆಯದೇ ಸಂಗತಿ ಹೊರಬಿತ್ತು. ಇಲ್ಲದ ಚೆಂಡನ್ನು ಅವರ ಕಣ್ಣು ಹಿಂಬಾಲಿಸಿರಲಿಲ್ಲ, ಬಹಳ ಜನ ನೋಡುತ್ತಿದ್ದದ್ದು ಜಾದೂಗಾರನ ಮುಖವನ್ನು. ಅವನು ಮೇಲೆ ನೋಡಿದ್ದರಿಂದ ಚೆಂಡೂ ಮೇಲೆ ಹೋಗಿರಬೇಕು ಎಂದು ಮನಸ್ಸು ತೀರ್ಮಾನಿಸಿತ್ತು. ಅವನು ಮೇಲೆ ನೋಡದೆ ಕೈಯನ್ನೇ ನೋಡುತ್ತಿದ್ದಾಗ ಮೋಸಹೋದವರ ಸಂಖ್ಯೆ ಇಳಿಯಿತು.

ಗರಗಸದ ಆಟದಲ್ಲೂ ಇದೇ ನಡೆಯುತ್ತದೆ. ಮಾವ ಗರಗಸ ನೋಡಿದರೆ ಸಭೆ ಗರಗಸ ನೋಡುತ್ತದೆ. ಪೆಟ್ಟಿಗೆಯ ಕೀಲು ನೋಡಿದರೆ ಸಭೆ ಕೀಲು ನೋಡುತ್ತದೆ. ಅವರು ನನ್ನ ಕಡೆ ನೋಡುತ್ತಿದ್ದದ್ದು ಮುಚ್ಚಿಡಲು ಏನೂ ಇಲ್ಲದ ಹೊತ್ತಿನಲ್ಲಿ ಮಾತ್ರ. ಮಲಗಿದವಳ ಕಡೆಗೆ ನೋಡುವಂಥದ್ದೇನೂ ಇಲ್ಲ ಎಂದು ಅವರ ಕಣ್ಣೇ ಸಭೆಗೆ ಹೇಳಿಬಿಡುತ್ತಿತ್ತು, ಸಭೆ ಅದನ್ನು ತಕರಾರಿಲ್ಲದೆ ಒಪ್ಪಿಕೊಳ್ಳುತ್ತಿತ್ತು.

ಅಷ್ಟು ಸುಲಭವಾಗಿ ಏಕೆ ಒಪ್ಪಿಕೊಳ್ಳುತ್ತದೆ? ಇದಕ್ಕೆ ಈ ಆಟದ ಇತಿಹಾಸದಲ್ಲೇ ಉತ್ತರವಿದೆ. ಪಿ.ಟಿ. ಸೆಲ್‌ಬಿಟ್ ಎಂಬ ಜಾದೂಗಾರ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಎಂಪೈರ್ ರಂಗಮಂದಿರದಲ್ಲಿ ಈ ಆಟವನ್ನು ಸಾರ್ವಜನಿಕರಿಗೆ ತೋರಿಸಿದ್ದು 1921ರ ಜನವರಿ 17ರಂದು. ಬ್ರಿಟನ್ನಿನಲ್ಲಿ ಹೆಣ್ಣುಮಕ್ಕಳು ದೀರ್ಘ ಹೋರಾಟದ ನಂತರ 1918ರಲ್ಲಿ ಭಾಗಶಃ ಮತದಾನದ ಹಕ್ಕು ಗಳಿಸಿದ್ದರು. ಸಮಾನ ಹಕ್ಕು ಸಿಗಲು 1928ರವರೆಗೆ ಕಾಯಬೇಕಿತ್ತು. ಸೆಲ್‌ಬಿಟ್ ಆ ಹೋರಾಟದ ನಾಯಕಿಯರಲ್ಲಿ ಒಬ್ಬರಾದ ಕ್ರಿಸ್ಟಬೆಲ್ ಪ್ಯಾಂಖರ್ಸ್ಟ್ ಅವರಿಗೆ ವಾರಕ್ಕೆ 20 ಪೌಂಡ್ ಕೊಡುತ್ತೇನೆ, ಬಂದು ನನ್ನ ಪೆಟ್ಟಿಗೆಯಲ್ಲಿ ಮಲಗಿ ಎಂದು ಆಹ್ವಾನ ಕೊಟ್ಟ. ಅವರು ಒಪ್ಪಲಿಲ್ಲ. ಪ್ರಚಾರಕ್ಕಾಗಿ ಮಾಡಿದ ಆಹ್ವಾನ ಅದು, ನಿಜ. ಆದರೆ ದನಿ ಎತ್ತಿದ ಹೆಣ್ಣು ಪೆಟ್ಟಿಗೆಯಲ್ಲಿ ಕೈಕಾಲು ಕಟ್ಟಿಸಿಕೊಂಡು ಬಿದ್ದಿರುವುದನ್ನು ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆ ಎಂಬ ಲೆಕ್ಕಾಚಾರ ಅದರೊಳಗೆ ಇತ್ತು.

ಅದೇ 1921ರಲ್ಲಿ ನ್ಯೂಯಾರ್ಕಿನಲ್ಲಿ ಗೋಲ್ಡಿನ್ ತನ್ನ ಪೆಟ್ಟಿಗೆಯನ್ನು ಮೊದಲು ಜಾದೂಗಾರರ ಔತಣಕೂಟವೊಂದರಲ್ಲಿ ತೋರಿಸಿದಾಗ ಒಳಗೆ ಮಲಗಿಸಿದ್ದು ಒಬ್ಬ ಗಂಡಸನ್ನು, ಹೋಟೆಲಿನ ಕೆಲಸದ ಹುಡುಗನ ವೇಷದಲ್ಲಿ. ಆಟ ಅಷ್ಟಾಗಿ ಹಿಡಿಸಲಿಲ್ಲ. ಗಂಡಸಿನ ಜಾಗಕ್ಕೆ ಹೆಣ್ಣು ಬಂದ ಮೇಲೆ ಆಟ ಊರೂರು ಗೆದ್ದಿತು. ಪೆಟ್ಟಿಗೆಯ ಲೆಕ್ಕಕ್ಕೆ ಗಂಡು, ಹೆಣ್ಣು ಎಂಬ ಭೇದವಿಲ್ಲ. ಭೇದ ಇದ್ದದ್ದು ಕುರ್ಚಿಯಲ್ಲಿ ಕೂತವರ ಮನಸ್ಸಿನಲ್ಲಿ.

ನಮ್ಮ ದೇಶದ ಜಾದೂಗಾರರಲ್ಲಿ ಜಗತ್ತೇ ತಲೆಬಾಗಿದ ಹೆಸರು ಪಿ.ಸಿ. ಸೊರ್ಕಾರ್ ಅವರದು. 1956ರ ಏಪ್ರಿಲ್ 9ರಂದು ಅವರು ಬಿಬಿಸಿಯ 'ಪನೋರಮಾ' ಕಾರ್ಯಕ್ರಮದ ನೇರ ಪ್ರಸಾರದಲ್ಲಿ ಹದಿನೇಳರ ಹರೆಯದ ದೀಪ್ತಿ ದೇ ಎಂಬ ಹುಡುಗಿಯನ್ನು ಮೇಜಿನ ಮೇಲೆ ಮಲಗಿಸಿ, ಗಿರಗಿರ ತಿರುಗುವ ವಿದ್ಯುತ್ ಗರಗಸದಿಂದ ಕತ್ತರಿಸಿದರು. ಮುಚ್ಚುವ ಪೆಟ್ಟಿಗೆಯೇ ಅಲ್ಲಿರಲಿಲ್ಲ. ಕತ್ತರಿಸಿದ ಮೇಲೆ ಆಕೆಯ ಕೈ ಉಜ್ಜಿದರು, ಅಲುಗಿಸಿದರು. ಆಕೆ ಮಿಸುಕಲಿಲ್ಲ. ಮುಖಕ್ಕೆ ಬಟ್ಟೆ ಮುಚ್ಚಿದರು. ಅಷ್ಟರಲ್ಲಿ ಪ್ರಸಾರದ ಸಮಯ ಮುಗಿದು ನಿರೂಪಕ ರಿಚರ್ಡ್ ಡಿಂಬಲ್ಬಿ ಕ್ಯಾಮೆರಾ ಮುಂದೆ ಬಂದು ಕಾರ್ಯಕ್ರಮ ಮುಗಿಸಿಬಿಟ್ಟರು. ಹುಡುಗಿ ಸತ್ತೇಹೋದಳು ಎಂದು ತಿಳಿದ ಜನ ಮಾಡಿದ ಫೋನುಗಳಿಂದ ಬಿಬಿಸಿಯ ಲೈನುಗಳೆಲ್ಲ ಕಟ್ಟಿಕೊಂಡವು. ಆಗ ಲಂಡನ್ನಿನಲ್ಲಿ ನಡೆಯಬೇಕಿದ್ದ ಸೊರ್ಕಾರ್ ಪ್ರದರ್ಶನಗಳ ಟಿಕೆಟ್ಟಿಗೆ ಜನ ಮುಗಿಬಿದ್ದರು.

ಈ ಪ್ರಸಂಗವನ್ನು ಹೇಳುವವರೆಲ್ಲ ಸೊರ್ಕಾರರ ಸಮಯಪ್ರಜ್ಞೆಯನ್ನು ಹೊಗಳುತ್ತಾರೆ. ಅದು ಹೊಗಳಬೇಕಾದದ್ದೇ. ಆದರೆ ಆ ರಾತ್ರಿ ಬ್ರಿಟನ್ನನ್ನು ಗಾಬರಿಗೊಳಿಸಿದ್ದು ಯಾವುದು? ಗರಗಸ ತಿರುಗಿದ್ದಕ್ಕೆ ಜನ ಫೋನ್ ಮಾಡಲಿಲ್ಲ. ಅಲುಗಿಸಿದರೂ ಅಲುಗದೆ, ರೆಪ್ಪೆಯನ್ನೂ ಮಿಟುಕಿಸದೆ ಒಬ್ಬ ಹುಡುಗಿ ಕ್ಯಾಮೆರಾ ಮುಂದೆ ಮಲಗಿದ್ದಳು. ಅದು ನಟನೆ. ನೇರ ಪ್ರಸಾರದಲ್ಲಿ, ಪರದೇಶದಲ್ಲಿ, ಸದ್ದು ಮಾಡುವ ಗರಗಸದ ಕೆಳಗೆ ಹದಿನೇಳರ ಹುಡುಗಿ ಮಾಡಿದ ಅಪ್ಪಟ ನಟನೆ. ಮಲಗಿ ಅಭ್ಯಾಸವಿರುವ ನನಗೆ ಅದರ ಬೆಲೆ ಗೊತ್ತು. ಮೈ ಬಾಗಿಸುವುದಕ್ಕಿಂತ ಹಾಗೆ ಜೀವವಿಲ್ಲದಂತೆ ಇರುವುದು ಕಷ್ಟ.

ಇದೇ ಮಾತು ನಮ್ಮ ಬೀದಿಯ ಗಾರುಡಿಗರ ಬುಟ್ಟಿ ಆಟಕ್ಕೂ ಸಲ್ಲುತ್ತದೆ. ಹೊಟ್ಟೆ ಅಗಲ, ಬಾಯಿ ಕಿರಿದಾದ ಬುಟ್ಟಿಯೊಳಗೆ ಮಗುವೊಂದನ್ನು ಕೂರಿಸಿ ಎಲ್ಲ ಕಡೆಯಿಂದ ಕತ್ತಿ ತೂರಿಸುತ್ತಾರೆ. ಲಂಡನ್ನಿನ ರಂಗಮಂದಿರಕ್ಕೂ 1865ರಲ್ಲೇ ನಕಲಾಗಿ ಹೋದ ಆಟ ಇದು. ಕತ್ತಿ ಯಾವ ಸಾಲಿನಲ್ಲಿ ಬರುತ್ತದೆ ಎಂದು ತಿಳಿದು, ಬುಟ್ಟಿಯ ಗೋಡೆಗುಂಟ ಹಾವಿನಂತೆ ಸುತ್ತಿಕೊಂಡು, ಕತ್ತಲಲ್ಲಿ ಒಂದೊಂದು ಅಲಗಿಗೂ ಜಾಗ ಬಿಡುವುದು ಆ ಮಗು. ಹೊರಗಿನ ಗಾರುಡಿಗ ಡಮರು ಬಾರಿಸುತ್ತಾನೆ.

ನಮ್ಮ ತಂಡದ ಶೋ ಮುಗಿದ ಮೇಲೆ ಊರಿನವರು ಬಂದು ಮಾವನನ್ನು ಸುತ್ತುವರಿಯುತ್ತಿದ್ದರು. "ಹೆಂಗ ಮಾಡಿದ್ರಿ ಸರ?" ಎಂಬುದು ಎಲ್ಲರ ಪ್ರಶ್ನೆ. ಮೇಷ್ಟ್ರು, ಇಂಜಿನಿಯರು, ಡಾಕ್ಟರು ಎಲ್ಲರೂ ಪೆಟ್ಟಿಗೆಯ ಬಗ್ಗೆ, ಗರಗಸದ ಬಗ್ಗೆ, ಕನ್ನಡಿಯ ಬಗ್ಗೆ ತರ್ಕ ಮಾಡುತ್ತಿದ್ದರು. ನಾನು ಅಲ್ಲೇ ಹಗ್ಗ ಸುತ್ತುತ್ತ ನಿಂತಿರುತ್ತಿದ್ದೆ. ಅವರು ಹುಡುಕುತ್ತಿದ್ದ ಉತ್ತರ ಎರಡು ಮಾರು ದೂರದಲ್ಲಿ ನಿಂತಿತ್ತು. ಒಬ್ಬರೂ ನನ್ನ ಕಡೆ ತಿರುಗಿ, "ನೀವು ಒಳಗ ಏನ್ ಮಾಡಿದ್ರಿ?" ಎಂದು ಕೇಳಲಿಲ್ಲ. ಕೆಲವರು ಕೇಳಿದ್ದು "ಹೆದರಿಕೆ ಆಗಲಿಲ್ಲೇನವಾ?" ಎಂದು. ಅಂದರೆ ನನ್ನ ಮೇಲೆ ಏನೋ ನಡೆಯಿತು ಎಂಬುದು ಅವರ ತಿಳಿವಳಿಕೆ. ನಾನು ಏನೋ ಮಾಡಿದೆ ಎಂಬುದು ಅವರ ತಲೆಗೇ ಬಂದಿರಲಿಲ್ಲ.

ಈಗ ನನ್ನ ತಂಡದಲ್ಲಿ ಪೆಟ್ಟಿಗೆಗೆ ಹೋಗುವವನು ಒಬ್ಬ ತೆಳ್ಳನೆಯ ಹುಡುಗ, ಯೋಗಾಸನದಲ್ಲಿ ಪಳಗಿದವನು. ಆಟ ಅದೇ, ಪೆಟ್ಟಿಗೆಯೂ ಅದೇ ಬಗೆಯದು. ಗರಗಸ ಮಾತ್ರ ನನ್ನ ಕೈಯಲ್ಲಿ. ಶೋ ಮುಗಿದ ಮೇಲೆ ಜನ ಯಾರ ಹತ್ತಿರ ಹೋಗುತ್ತಾರೆ ಗೊತ್ತೇ? ಆ ಹುಡುಗನ ಹತ್ತಿರ. "ಹೆಂಗ ತಪ್ಪಿಸ್ಕೊಂಡಿಪಾ ನೀ?" ಎಂದು ಅವನ ಬೆನ್ನು ತಟ್ಟುತ್ತಾರೆ. ಗಂಡು ಪೆಟ್ಟಿಗೆಯಲ್ಲಿದ್ದರೆ ಅವನು ಏನೋ ಚಮತ್ಕಾರ ಮಾಡಿರಬೇಕು ಎಂದು ಅವರಿಗೆ ತಟ್ಟನೆ ಹೊಳೆಯುತ್ತದೆ. ಊರು ಬದಲಾದರೂ ಇದು ಬದಲಾಗಿಲ್ಲ. ಹೆಣ್ಣು ಸುಮ್ಮನೆ ಮಲಗಿರುತ್ತಾಳೆ ಎಂಬ ನಂಬಿಕೆ ಎಷ್ಟು ಗಟ್ಟಿ ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಕಿಲ್ಲ.

ಈ ಕುರುಡು ರಂಗಮಂದಿರದ ಬಾಗಿಲಲ್ಲೇ ನಿಲ್ಲುವುದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ ದೇಶದಾದ್ಯಂತ ಸಮಯ ಬಳಕೆ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಣ್ಣುಮಕ್ಕಳು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಹೊತ್ತಿಗೆ ಸರಿಯಾಗಿ ತಟ್ಟೆಗೆ ಬಿಸಿ ರೊಟ್ಟಿ ಬಂದು ಬೀಳುವ ಮನೆಯಲ್ಲಿ, "ನಿಮ್ಮಾಕೆ ಏನು ಮಾಡ್ತಾರೆ?" ಎಂಬ ಪ್ರಶ್ನೆಗೆ "ಏನಿಲ್ಲ, ಮನೇಲಿ ಇರ್ತಾಳೆ" ಎಂದು ಉತ್ತರ ಬರುತ್ತದೆ. ಕೆಲಸ ಕಣ್ಣೆದುರೇ ನಡೆದರೂ ಕಾಣದಿರುವ ಈ ಅಭ್ಯಾಸವನ್ನೇ ಜಾದೂಗಾರರು ನೂರು ವರ್ಷಗಳಿಂದ ಬಂಡವಾಳ ಮಾಡಿಕೊಂಡಿದ್ದಾರೆ.

ನನ್ನ ಮಾತಿಗೆ ಎರಡು ಆಕ್ಷೇಪ ಕೇಳಿದ್ದೇನೆ. ಎರಡಕ್ಕೂ ಉತ್ತರ ಹೇಳಬೇಕು.

ಮೊದಲನೆಯದು ನಮ್ಮವರದು. ಒಳಗಿದ್ದವಳ ಕೆಲಸವನ್ನು ಹೇಳಿಬಿಟ್ಟರೆ ಆಟವೇ ಉಳಿಯುವುದಿಲ್ಲ, ಆಕೆ ಅಡಗಿದ್ದರೇ ಜಾದೂ ಎನ್ನುತ್ತಾರೆ. ಪೆನ್ ಮತ್ತು ಟೆಲ್ಲರ್ ಎಂಬ ಅಮೆರಿಕದ ಜಾದೂ ಜೋಡಿ ಬಟ್ಟಲು ಮತ್ತು ಚೆಂಡಿನ ಆಟವನ್ನು ಪಾರದರ್ಶಕ ಬಟ್ಟಲಲ್ಲಿ ಮಾಡಿ ತೋರಿಸುತ್ತಾರೆ. ಚೆಂಡು ಯಾವಾಗ ಒಳಗೆ ಹೋಯಿತು ಎಂಬುದು ಕಣ್ಣಿಗೆ ಕಾಣುವಂತಿದ್ದರೂ ಜನ ತಬ್ಬಿಬ್ಬಾಗುತ್ತಾರೆ. ಕೈಚಳಕ ಕಂಡಾಗ ಅವರ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಯಕ್ಷಗಾನದ ಸ್ತ್ರೀವೇಷದಲ್ಲಿ ಹೆಚ್ಚಾಗಿ ಇರುವುದು ಗಂಡಸು ಎಂಬುದು ಕರಾವಳಿಯ ಮಕ್ಕಳಿಗೂ ಗೊತ್ತು. ದಮಯಂತಿ ಅತ್ತಾಗ ಅವರೂ ಅಳುತ್ತಾರೆ. ಮಲಗಿದವಳು ನುರಿತ ಕಲಾವಿದೆ ಎಂದು ಹೇಳಿದ ಮಾತ್ರಕ್ಕೆ ಆಕೆ ಹೇಗೆ ಮಾಡಿದಳು ಎಂಬುದು ಬಯಲಾಗುವುದಿಲ್ಲ. ಹೆಸರು ಹೇಳಿದರೆ ಗುಟ್ಟು ಒಡೆಯುತ್ತದೆ ಎಂಬುದು ಹೆಸರು ಹೇಳದಿರಲು ಹುಡುಕಿದ ನೆಪ.

ಎರಡನೆಯ ಆಕ್ಷೇಪ ನನ್ನ ಕೆಲವು ಗೆಳತಿಯರದು. ಹೆಣ್ಣನ್ನು ಕೊಯ್ಯುವುದನ್ನು ಮನರಂಜನೆ ಎಂದು ತೋರಿಸುವ ಆಟವನ್ನೇ ನಿಲ್ಲಿಸಬೇಕು ಎನ್ನುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಸೆಲ್‌ಬಿಟ್ ಕಾಲದಲ್ಲಿ ಪ್ರಚಾರಕ್ಕಾಗಿ ರಂಗಮಂದಿರದ ಹೊರಗೆ ಬಕೆಟ್‌ಗಟ್ಟಲೆ ಕೆಂಪು ನೀರು ಚೆಲ್ಲುತ್ತಿದ್ದರು. ಅಂಥದ್ದನ್ನು ನಾನೂ ಒಪ್ಪುವುದಿಲ್ಲ. ಆದರೆ ಆಟವನ್ನೇ ಕೈಬಿಟ್ಟರೆ, ಆ ಮೈಯ ಚಾತುರ್ಯವನ್ನು ಕಲಿತು ಬದುಕಿದ ಹೆಣ್ಣುಮಕ್ಕಳ ವಿದ್ಯೆಯೂ ಅದರೊಂದಿಗೆ ಹೋಗುತ್ತದೆ. ಮಲಗುವವರು ಗಂಡಾಗಲಿ ಹೆಣ್ಣಾಗಲಿ, ಗರಗಸ ಹಿಡಿಯುವವರೂ ಹಾಗೆಯೇ ಆಗಲಿ. ಮಲಗಿದವರು ಎದ್ದು ನಿಂತಾಗ ಅವರು ಏನು ಮಾಡಿದರು ಎಂಬುದನ್ನು ಸಭೆಗೆ ಹೇಳುವಂತಾಗಲಿ. ಆಟದ ಅರ್ಥ ಅಲ್ಲಿಗೆ ಬದಲಾಗುತ್ತದೆ.

ಪೆಟ್ಟಿಗೆಯಿಂದ ಹೊರಬಂದು ಮಂತ್ರದಂಡ ಹಿಡಿದವರು ಹಿಂದೆಯೂ ಇದ್ದರು. ಅಡಿಲೇಡ್ ಹರ್ಮನ್ ತಮ್ಮ ಗಂಡ, ಪ್ರಸಿದ್ಧ ಜಾದೂಗಾರ ಅಲೆಕ್ಸಾಂಡರ್ ಹರ್ಮನ್ 1896ರ ಕೊನೆಯಲ್ಲಿ ತೀರಿಕೊಂಡಾಗ ಸಾಲದಲ್ಲಿದ್ದ ಕಂಪನಿಯನ್ನು ಮುಚ್ಚಲಿಲ್ಲ. ಮುಂದಿನ ಜನವರಿಯಲ್ಲೇ ನ್ಯೂಯಾರ್ಕಿನ ವೇದಿಕೆಯಲ್ಲಿ, ಎದುರಿಗೆ ನಿಂತವರು ಹಾರಿಸಿದ ಗುಂಡುಗಳನ್ನು ಹಿಡಿಯುವ ಅಪಾಯದ ಆಟ ಮಾಡಿ ತೋರಿಸಿ, ಮುಂದೆ ದಶಕಗಳ ಕಾಲ ಸ್ವಂತ ಹೆಸರಿನಲ್ಲಿ ಪ್ರದರ್ಶನ ಕೊಟ್ಟರು. 1905ರಲ್ಲಿ ಶುರುವಾದ ಲಂಡನ್ನಿನ ಮ್ಯಾಜಿಕ್ ಸರ್ಕಲ್ ಎಂಬ ಪ್ರತಿಷ್ಠಿತ ಸಂಘ 1991ರವರೆಗೆ ಹೆಣ್ಣುಮಕ್ಕಳನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಸೋಫಿ ಲಾಯ್ಡ್ ಎಂಬ ಕಲಾವಿದೆ ಗಂಡಸಿನ ವೇಷ ಹಾಕಿ, ಗಂಡಸಿನ ಹೆಸರಲ್ಲಿ ಅವರ ಪರೀಕ್ಷೆ ಪಾಸಾಗಿ ಸದಸ್ಯತ್ವ ಪಡೆದರು. ಅದೇ ವರ್ಷ ಸಂಘ ಹೆಂಗಸರಿಗೆ ಬಾಗಿಲು ತೆರೆದಾಗ ತಾನು ಯಾರೆಂದು ಹೇಳಿಕೊಂಡರು. ಮೋಸ ಮಾಡಿದ್ದೀರಿ ಎಂದು ಸಂಘ ಅವರನ್ನು ಹೊರಹಾಕಿತು. ಮೋಸವನ್ನೇ ಕಲೆಯಾಗಿ ಪೂಜಿಸುವ ಸಂಘಕ್ಕೆ ಆಕೆಯನ್ನು ಮತ್ತೆ ಗೌರವದಿಂದ ಕರೆದುಕೊಳ್ಳಲು 2025ರವರೆಗೆ ಮನಸ್ಸು ಬರಲಿಲ್ಲ. ಅದೇ 2025ರಲ್ಲಿ ಇಟಲಿಯ ಟುರಿನ್‌ನಲ್ಲಿ ನಡೆದ ವಿಶ್ವ ಜಾದೂ ಸ್ಪರ್ಧೆಯಲ್ಲಿ ನಮ್ಮ ದೇಶದ ಸುಹಾನಿ ಶಾ ಆನ್‌ಲೈನ್ ಜಾದೂ ವಿಭಾಗದ ಪ್ರಶಸ್ತಿ ಗೆದ್ದರು. ಏಳು ವರ್ಷದ ಹುಡುಗಿಯಾಗಿದ್ದಾಗ ಅಹಮದಾಬಾದ್‌ನಲ್ಲಿ ಮೊದಲ ಪ್ರದರ್ಶನ ಕೊಟ್ಟವರು ಅವರು.

ಕರ್ನಾಟಕದಲ್ಲಿ ಒಳ್ಳೆಯ ಜಾದೂಗಾರರಿಗೆ ಕೊರತೆಯಿಲ್ಲ. ಮಂಗಳೂರಿನ ಕುದ್ರೋಳಿ ಗಣೇಶ್, ಉಡುಪಿ ಕಡೆಯ ಪ್ರಹ್ಲಾದ ಆಚಾರ್ಯ ಅವರಂಥವರು ಈ ಕಲೆಗೆ ನಮ್ಮ ಮಣ್ಣಿನ ಗುಣ ತಂದಿದ್ದಾರೆ. ಆದರೆ ನಮ್ಮಲ್ಲಿ ಸ್ವಂತ ಹೆಸರಿನಲ್ಲಿ ವೇದಿಕೆ ಏರುವ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟೇ. ಶಾಲೆಗಳಲ್ಲಿ ನಾನು ಆಟ ತೋರಿಸುವಾಗ ಯಾರು ಬಂದು ಸಹಾಯ ಮಾಡುತ್ತೀರಿ ಎಂದರೆ ಹುಡುಗರು ಮುಗಿಬೀಳುತ್ತಾರೆ. ಹುಡುಗಿಯರನ್ನು ಕರೆದು ತರಬೇಕು. ಒಮ್ಮೆ ಬಂದ ಮೇಲೆ ಕಾಯಿನ್ ಮರೆಮಾಡುವುದನ್ನು ಹುಡುಗರಿಗಿಂತ ತಾಳ್ಮೆಯಿಂದ ಕಲಿಯುತ್ತಾರೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಪೋಸ್ಟರಿನಲ್ಲಿ ಜಾದೂಗಾರರ ಹೆಸರಿನ ಕೆಳಗೆ 'ಮತ್ತು ತಂಡ' ಎಂದು ಬರೆದು ಕೈತೊಳೆದುಕೊಳ್ಳಬಾರದು, ಪೆಟ್ಟಿಗೆಯೊಳಗೆ ಹೋಗುವವರ ಹೆಸರು ಇರಬೇಕು. ಸಂಭಾವನೆಯಲ್ಲಿ ಅವರ ಪಾಲು ಮೊದಲೇ ನಿಗದಿಯಾಗಬೇಕು, ಅವರ ಕೈಗೇ ಸೇರಬೇಕು. ಪೆಟ್ಟಿಗೆಗೆ ಒಳಗಿನಿಂದ ತೆಗೆಯಬಹುದಾದ ಚಿಲಕ ಇರಲೇಬೇಕು, ಅಪಾಯದ ಆಟಗಳಿಗೆ ವಿಮೆ ಮತ್ತು ನುರಿತವರ ಕಾವಲು ಬೇಕು. 2019ರ ಜೂನ್‌ನಲ್ಲಿ ಜಾದೂಗಾರ ಚಂಚಲ್ ಲಾಹಿರಿ ಕೋಲ್ಕತ್ತದ ಹೂಗ್ಲಿ ನದಿಯಲ್ಲಿ ಕೈಕಾಲು ಕಟ್ಟಿಸಿಕೊಂಡು ಮುಳುಗಿದವರು ಜೀವಂತ ಮೇಲೆ ಬರಲಿಲ್ಲ. ಮುಖ್ಯ ಜಾದೂಗಾರರಿಗೇ ಈ ಗತಿಯಾದರೆ, ಹೆಸರಿಲ್ಲದ ಸಹಾಯಕಿಗೆ ಏನಾದರೂ ಆದರೆ ಕೇಳುವವರು ಯಾರು? ಹದಿನೆಂಟು ತುಂಬದ ಮಕ್ಕಳನ್ನು ಪೆಟ್ಟಿಗೆಗೆ ಇಳಿಸಲೇಬಾರದು. ನನ್ನನ್ನು ಇಳಿಸಿದ್ದು ಪ್ರೀತಿಯ ಮಾವನೇ ಆಗಿದ್ದರೂ ಈ ಮಾತನ್ನು ನಾನು ಹೇಳಲೇಬೇಕು. ಸಂಸ್ಕೃತಿ ಇಲಾಖೆ ಮತ್ತು ಅಕಾಡೆಮಿಗಳು ಜಾದೂಗಾರರನ್ನು ಸನ್ಮಾನಿಸುವಾಗ ಅವರ ಜೊತೆ ವರ್ಷಗಟ್ಟಲೆ ಒಳಗೆ ಮಲಗಿದವರನ್ನೂ ವೇದಿಕೆಗೆ ಕರೆಯಬೇಕು. ಹಾರವೂ ಶಾಲೂ ಒಬ್ಬರ ಕೊರಳಿಗೆ ಬಿದ್ದು, ಅರ್ಧ ಕೆಲಸ ಮಾಡಿದವರು ವೇದಿಕೆಯ ಹಿಂದೆ ಸಾಮಾನು ಕಟ್ಟುತ್ತ ನಿಂತಿರುವುದು ಸಾಕು.

ಓದುಗರಲ್ಲೂ ಒಂದು ವಿನಂತಿ. ಮುಂದಿನ ಸಲ ಈ ಆಟ ನೋಡುವಾಗ ಗರಗಸವನ್ನು ಬಿಟ್ಟು ಮಲಗಿದವರನ್ನು ನೋಡಿ. ಗುಟ್ಟು ಸಿಗಲಿಕ್ಕಿಲ್ಲ, ಆದರೆ ಕೆಲಸ ಮಾಡುತ್ತಿರುವವರು ಯಾರು ಎಂಬುದು ತಿಳಿಯುತ್ತದೆ. ಶೋ ಮುಗಿದ ಮೇಲೆ ಅವರ ಹತ್ತಿರ ಹೋಗಿ ಹೆಸರು ಕೇಳಿ, ಅವರು ಒಳಗೆ ಏನು ಮಾಡಿದರು ಎಂದು ಕೇಳಿ. ಉತ್ತರ ಕೊಡುವುದು, ಬಿಡುವುದು ಅವರಿಗೆ ಬಿಟ್ಟದ್ದು. ಪ್ರಶ್ನೆ ಮಾತ್ರ ಅವರಿಗೆ ಸಲ್ಲಬೇಕಾದದ್ದು.